ರಾಹುಲ್: ಹೆಸರಿನ ಕೊನೆಯ ಅಕ್ಷರ

ನಿವೃತ್ತಿಯ ನಂತರ ನನ್ನ ಮುಂದೆ ಬರುವ ಅರ್ಜಿಗಳೆಲ್ಲ ಮನೆಯವರವೇ. ಕಳೆದ ವರ್ಷ ಬಂದದ್ದು, ಹುಟ್ಟಲಿರುವ ಮೊಮ್ಮಗುವಿಗೆ ಹೆಸರು ಸೂಚಿಸಬೇಕೆಂಬ ಅರ್ಜಿ. ಟೊರಾಂಟೊದಿಂದ ಸೊಸೆ ಕಳುಹಿಸಿದ ಪಟ್ಟಿಯಲ್ಲಿ ಗಂಡಾದರೆ ಇಡಲೆಂದು ಆರವ್, ವಿಹಾನ್, ರೆಯಾಂಶ್ ಮೊದಲಾದ ಮೂವತ್ತಕ್ಕೂ ಹೆಚ್ಚು ಹೆಸರುಗಳಿದ್ದವು. ಪ್ರತಿ ಹೆಸರಿನ ಎದುರಿಗೂ ಅರ್ಥ ಬರೆಯಲು ಒಂದು ಕಾಲಂ. ಪಟ್ಟಿಯ ತುದಿಯಲ್ಲಿ ನನ್ನ ಮಗ ತಮಾಷೆಗೆಂದು ತನ್ನ ಹೆಸರನ್ನೂ ಸೇರಿಸಿ, ಅರ್ಥದ ಜಾಗದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದ. ಅವನ ಹೆಸರು ರಾಹುಲ್. ಇಟ್ಟವನು ನಾನು. ಮೂವತ್ತಾರು ವರ್ಷಗಳಲ್ಲಿ ಅವನು ಆ ಪ್ರಶ್ನೆ ಕೇಳಿದ್ದು ಅದೇ ಮೊದಲು.

ಬಸ್ ನಿಲ್ದಾಣದ ಪುಸ್ತಕದಂಗಡಿಗಳಲ್ಲಿ ಸಿಗುವ, ಮಕ್ಕಳ ಹೆಸರುಗಳ ಕಿರುಹೊತ್ತಿಗೆಗಳನ್ನು ತೆರೆದರೆ ಉತ್ತರ ಸುಲಭ. ರಾಹುಲ್ ಎಂದರೆ 'ದಕ್ಷ', 'ಸಕಲ ದುಃಖಗಳನ್ನೂ ಗೆದ್ದವನು' ಎಂದು ಅವುಗಳಲ್ಲಿ ಬರೆದಿರುತ್ತದೆ. ಪದದ ರಚನೆಯಲ್ಲಿ ಈ ಅರ್ಥಗಳಿಗೆ ಆಧಾರವಿಲ್ಲ. ಹೆಸರಿನ ಮಾರುಕಟ್ಟೆಯಲ್ಲಿ ಅಶುಭವಾದ ಅರ್ಥಕ್ಕೆ ಗಿರಾಕಿಗಳಿಲ್ಲದಿರುವುದರಿಂದ ಶುಭವಾದುದೊಂದನ್ನು ಉತ್ಪಾದಿಸಲಾಗಿದೆ, ಅಷ್ಟೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ.

ಪದವನ್ನು ಬಿಡಿಸಿದರೆ ಸಿಗುವುದು ರಾಹು. ಅದಕ್ಕೆ ವತ್ಸಲ, ಮಾಂಸಲ ಮುಂತಾದ ಪದಗಳಲ್ಲಿರುವಂಥ 'ಲ' ಸೇರಿ ರಾಹುಲ ಆಯಿತೆಂಬುದು ಪ್ರಚಲಿತ ವಿವರಣೆ. ಜಾತಕ ಕಥೆಗಳಿಗೆ ಪೀಠಿಕೆಯಂತಿರುವ ಪಾಲಿ ನಿದಾನಕಥೆಯಲ್ಲಿ ಇದರ ಹಿಂದಿನ ಪ್ರಸಂಗ ಬರುತ್ತದೆ. ಶಾಕ್ಯರ ರಾಜಕುಮಾರ ಸಿದ್ಧಾರ್ಥ ಉದ್ಯಾನದಲ್ಲಿದ್ದಾಗ, ಪತ್ನಿ ಗಂಡುಮಗುವನ್ನು ಹೆತ್ತಳೆಂಬ ಸುದ್ದಿ ತಲುಪುತ್ತದೆ. ಸಂಸಾರವನ್ನು ತೊರೆಯುವ ನಿರ್ಧಾರಕ್ಕೆ ಆಗಲೇ ಬಂದಿದ್ದ ಆತನಿಗೆ ಹಿಗ್ಗಿಗಿಂತ ಕಳವಳವೇ ಹೆಚ್ಚಾಗುತ್ತದೆ. ತನ್ನನ್ನು ಹಿಡಿದು ನಿಲ್ಲಿಸುವ ಒಂದು ರಾಹು, ಒಂದು ಬಂಧನ ಹುಟ್ಟಿತೆಂದು ಉದ್ಗರಿಸುತ್ತಾನೆ. ಮಗನ ಬಾಯಿಂದ ಬಂದ ಮಾತೇನೆಂದು ವಿಚಾರಿಸಿದ ಶುದ್ಧೋದನ ಮಹಾರಾಜ ಅದನ್ನೇ ಮೊಮ್ಮಗನಿಗೆ ಹೆಸರಾಗಿಸುತ್ತಾನೆ. ಆ ರಾತ್ರಿಯೇ ಸಿದ್ಧಾರ್ಥ ಮನೆ ಬಿಡುತ್ತಾನೆ. ಮಗುವಿನ ತಲೆಯ ಮೇಲೆ ತಾಯಿಯ ಕೈಯಿತ್ತು, ಎತ್ತಿಕೊಂಡರೆ ಆಕೆಗೆ ಎಚ್ಚರವಾದೀತೆಂದು ಮುಟ್ಟದೆಯೇ ಹೊರಟ ಎಂದು ಕಥೆ ಹೇಳುತ್ತದೆ. ಮೂಲಸರ್ವಾಸ್ತಿವಾದಿಗಳ ವಿನಯ ಗ್ರಂಥದಲ್ಲಿ ಇನ್ನೊಂದು ವಿವರಣೆಯಿದೆ. ಅದರಂತೆ ಮಗು ಹುಟ್ಟಿದ್ದು ಆರು ವರ್ಷಗಳ ನಂತರ, ಬುದ್ಧನಿಗೆ ಜ್ಞಾನೋದಯವಾದ ರಾತ್ರಿ. ಆಗ ಚಂದ್ರನಿಗೆ ಗ್ರಹಣ ಹಿಡಿದಿದ್ದರಿಂದ ರಾಹುಲನೆಂಬ ಹೆಸರಾಯಿತು. ಎರಡರಲ್ಲಿ ಯಾವುದನ್ನು ಒಪ್ಪಿದರೂ ರಾಹುವಿನಿಂದ ಬಿಡುಗಡೆಯಿಲ್ಲ.

ಆ ತಾಯಿಯನ್ನು ನಾವು ಯಶೋಧರೆ ಎಂದು ಬಲ್ಲೆವು. ಮಾಸ್ತಿಯವರು ಆಕೆಯ ಹೆಸರಿನಲ್ಲೇ ನಾಟಕ ಬರೆದರು. ಆದರೆ ಪಾಲಿ ಗ್ರಂಥಗಳು ಆಕೆಯನ್ನು ಹೆಚ್ಚಾಗಿ ಕರೆಯುವುದು ರಾಹುಲಮಾತಾ, ಅಂದರೆ ರಾಹುಲನ ತಾಯಿ ಎಂದು. ನಮ್ಮ ಹಳ್ಳಿಗಳಲ್ಲಿ ಇಂದಿಗೂ ಮದುವೆಯಾಗಿ ಬಂದವಳು ಒಂದು ಮಗುವಾದ ಮೇಲೆ ಊರಿಗೆಲ್ಲ 'ಸಿದ್ದನ ಅವ್ವ'ನೋ 'ಮಂಜನ ತಾಯಿ'ಯೋ ಆಗಿಬಿಡುವುದನ್ನು ಕಂಡವರಿಗೆ ಇದು ತೀರ ಪರಿಚಿತ. ಮನೆ ಬಿಟ್ಟು ಹೋದವನ ಹೆಸರಿನಿಂದ ಆಕೆಯನ್ನು ಗುರುತಿಸಲಾಗದು. ಉಳಿದವನ ಹೆಸರಿನಿಂದ ಗುರುತಿಸಿದರು.

ಬುದ್ಧನಾದ ಮೇಲೆ ತಂದೆ ಕಪಿಲವಸ್ತುವಿಗೆ ಮರಳಿದಾಗ ರಾಹುಲನಿಗೆ ಏಳು ವರ್ಷವೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ತಾಯಿ ಮಗನನ್ನು ಕಳುಹಿಸಿ, ಹೋಗಿ ನಿನ್ನ ಪಾಲಿನ ಆಸ್ತಿ ಕೇಳು ಎನ್ನುತ್ತಾಳೆ. ಹುಡುಗ ಹಿಂದೆ ಹಿಂದೆಯೇ ಹೋಗಿ ಕೇಳುತ್ತಾನೆ. ಬುದ್ಧ ಸಾರಿಪುತ್ರನನ್ನು ಕರೆದು ಅವನಿಗೆ ದೀಕ್ಷೆ ಕೊಡಿಸುತ್ತಾನೆ. ಪಿತ್ರಾರ್ಜಿತ ಎಂದರೆ ಅಷ್ಟೇ. ಮಗನನ್ನು ಕಳೆದುಕೊಂಡು, ಈಗ ಮೊಮ್ಮಗನನ್ನೂ ಕಳೆದುಕೊಂಡ ಶುದ್ಧೋದನ ಬಂದು ತನ್ನ ಸಂಕಟ ಹೇಳಿಕೊಂಡಾಗ, ತಂದೆತಾಯಿಗಳ ಒಪ್ಪಿಗೆಯಿಲ್ಲದೆ ಮಕ್ಕಳಿಗೆ ದೀಕ್ಷೆ ನೀಡಕೂಡದೆಂಬ ನಿಯಮ ಜಾರಿಗೆ ಬರುತ್ತದೆ. ಮೂರು ದಶಕಕ್ಕೂ ಹೆಚ್ಚು ಕಾಲ ನಿಯಮಾವಳಿಗಳ ನಡುವೆ ಬದುಕಿದ ನನಗೆ, ಒಬ್ಬ ಮುದುಕನ ದುಃಖದಿಂದ ಹುಟ್ಟಿದ ಈ ನಿಯಮದಷ್ಟು ಮನ ತಟ್ಟಿದ್ದು ಬೇರೊಂದಿಲ್ಲ. ಅಜಂತಾದ ಹದಿನೇಳನೆಯ ಗುಹೆಯಲ್ಲಿ ತಾಯಿ ಮಗ ಬುದ್ಧನೆದುರು ನಿಂತಿರುವ ಚಿತ್ರವಿದೆ. ಬುದ್ಧನ ಆಕೃತಿ ಎತ್ತರಕ್ಕೆ ಬೆಳೆದು ನಿಂತಿದೆ, ಇವರಿಬ್ಬರೂ ಅವನ ಕಾಲ ಬಳಿ ಚಿಕ್ಕವರಾಗಿ ಮುಖವೆತ್ತಿ ನೋಡುತ್ತಿದ್ದಾರೆ.

ಈ ಹೆಸರಿಗೆ ಕಲ್ಲಿನ ದಾಖಲೆಯೂ ಉಂಟು. ರಾಜಸ್ಥಾನದ ಬೈರಾಟ್‌ನಲ್ಲಿ ಸಿಕ್ಕು ಈಗ ಕೋಲ್ಕತ್ತದ ಏಷ್ಯಾಟಿಕ್ ಸೊಸೈಟಿಯಲ್ಲಿರುವ ಅಶೋಕನ ಶಾಸನದಲ್ಲಿ, ಭಿಕ್ಷು ಭಿಕ್ಷುಣಿಯರೂ ಉಪಾಸಕರೂ ಮತ್ತೆ ಮತ್ತೆ ಕೇಳಬೇಕಾದ ಏಳು ಪಾಠಗಳ ಪಟ್ಟಿಯಿದೆ. ಅವುಗಳಲ್ಲೊಂದು, ಸುಳ್ಳಾಡುವುದರ ಬಗ್ಗೆ ರಾಹುಲನಿಗೆ ಬುದ್ಧ ಮಾಡಿದ ಉಪದೇಶ. ಮಗಧದವರ ನಾಲಗೆಗೆ ರಕಾರ ಹೊರಳುತ್ತಿರಲಿಲ್ಲವಾದ್ದರಿಂದ ಶಾಸನದಲ್ಲಿ ಅವನು ರಾಹುಲನಲ್ಲ, 'ಲಾಘುಲ'. ಹೆಸರುಗಳನ್ನು ತಪ್ಪಾಗಿ ಬರೆಯುವ ಸರ್ಕಾರಿ ಸಂಪ್ರದಾಯ ಅಶೋಕನಷ್ಟೇ ಹಳೆಯದೆಂದು ಸಹೋದ್ಯೋಗಿಗಳ ಬಳಿ ನಾನು ನಗೆಯಾಡುವುದುಂಟು. ಆ ನಗೆಯ ಹಿಂದೆ ಒಂದು ಅಳುಕಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮಗ ಹುಟ್ಟಿದ್ದು 1988ರಲ್ಲಿ. ಹೆಸರು ಕೇಳಿದ ಕೂಡಲೇ ನನ್ನ ತಾಯಿ, "ಗ್ರಹದ ಹೆಸರನ್ನ ಮಗೂಗೆ ಯಾರಾದ್ರೂ ಇಡ್ತಾರೇನೋ?" ಎಂದರು. ಅವರ ಆಕ್ಷೇಪಣೆ ನಿರಾಧಾರವಾಗಿರಲಿಲ್ಲ. ಅಮೃತಮಥನದಲ್ಲಿ ಕದ್ದು ಕುಡಿದು ತಲೆ ಕಳೆದುಕೊಂಡವನು ರಾಹು, ಸೂರ್ಯಚಂದ್ರರನ್ನು ನುಂಗುವವನು. ಗ್ರಹಣವೆಂದರೆ ನೆರಳಿನಾಟವೆಂದು ಆರ್ಯಭಟ ಹೇಳಿ ಸಾವಿರದೈನೂರು ವರ್ಷ ಕಳೆದರೂ, ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ಮಹತ್ವದ ಕಡತಕ್ಕೆ ಸಹಿ ಹಾಕಲು ಹಿಂಜರಿಯುತ್ತಿದ್ದ ಹಿರಿಯ ಅಧಿಕಾರಿಗಳ ಕೈಕೆಳಗೆ ನಾನು ಕೆಲಸ ಮಾಡಿದ್ದೇನೆ. ತೊಟ್ಟಿಲಶಾಸ್ತ್ರದಲ್ಲಿ ಅಮ್ಮ ಮಗುವಿನ ಕಿವಿಯಲ್ಲಿ ತಮ್ಮ ಮಾವನವರ ಹೆಸರನ್ನು ಉಸುರಿ, ಕೊನೆಯವರೆಗೂ 'ರಂಗ' ಎಂದೇ ಕರೆದರು.

ಬುದ್ಧನ ಮೇಲಿನ ಗೌರವದಿಂದ ಆ ಹೆಸರಿಟ್ಟೆನೆಂದು ಬಂಧುಗಳಿಗೆ ಹೇಳುತ್ತಿದ್ದೆ. ಅದು ಪೂರ್ಣ ಸತ್ಯವಲ್ಲ. ಜಿ.ಪಿ. ರಾಜರತ್ನಂ ಅವರು ಪಾಲಿಯಿಂದ ಕನ್ನಡಕ್ಕೆ ತಂದ ಬೌದ್ಧ ಸಾಹಿತ್ಯವನ್ನು ಅಷ್ಟಿಷ್ಟು ಓದಿದ್ದೆ, ನಿಜ. ಆದರೆ ಆ ಹೆಸರಿನಲ್ಲಿ ನನ್ನನ್ನು ಸೆಳೆದದ್ದು ಅದು ಏನನ್ನೂ ಹೇಳದೆ ಇರುವ ಗುಣ. ನನ್ನ ಹೆಸರಿನಲ್ಲಿ ಊರಿದೆ, ತಂದೆಯಿದ್ದಾರೆ, ಕೊನೆಗೊಂದು ಬಾಲವಿದೆ. ತರಬೇತಿಯ ಮೊದಲ ದಿನ ಹಾಜರಿ ಕೂಗಿದಾಗಲೇ ಯಾರು ಯಾರೆಂದು ಎಲ್ಲರಿಗೂ ತಿಳಿದುಹೋಗಿತ್ತು. ಮಧ್ಯಾಹ್ನ ಊಟದ ಮೇಜುಗಳಲ್ಲಿ ಅದರಂತೆಯೇ ಗುಂಪುಗಳಾದವು. ಮಗನಿಗೆ ಆ ಬಾಲ ಬೇಡವೆನಿಸಿತ್ತು. ಎರಡೂವರೆ ಅಕ್ಷರ, ಹಲಂತದಲ್ಲಿ ಮುಗಿಯುವ ಹಿಂದಿಯ ಉಚ್ಚಾರಣೆ. ಅಪ್ಪ, ಅಯ್ಯ, ಅಣ್ಣ ಯಾವುದೂ ಅಂಟದ ನುಣುಪು. ದೆಹಲಿಯಲ್ಲಿ ದೆಹಲಿಯದು, ಮುಂಬೈಯಲ್ಲಿ ಮುಂಬೈಯದು. ಕನ್ನಡದ ಅಜ್ಜಿಯರು ಮಾತ್ರ ಅದಕ್ಕೊಂದು ಸ್ವರ ಸೇರಿಸಿ 'ರಾಹುಲ' ಎಂದು ಮೂಲಕ್ಕೇ ಮರಳಿಸುತ್ತಿದ್ದರು.

ನಾನು ಓದಿದ ಹಳ್ಳಿಯ ಶಾಲೆಯಲ್ಲಿ ರಾಹುಲನೆಂಬ ಹುಡುಗನೊಬ್ಬನೂ ಇರಲಿಲ್ಲ. ಈ ಹೆಸರು ಬಹುಕಾಲ ಭಿಕ್ಷುಗಳದ್ದಾಗಿತ್ತು. ಆಜಂಗಢದ ಕೇದಾರನಾಥ ಪಾಂಡೆ 1930ರಲ್ಲಿ ಶ್ರೀಲಂಕಾದಲ್ಲಿ ದೀಕ್ಷೆ ಪಡೆದು ರಾಹುಲ ಸಾಂಕೃತ್ಯಾಯನರಾದದ್ದು ಆ ಪರಂಪರೆಯಲ್ಲೇ. ಗೃಹಸ್ಥರ ಮನೆಗೆ ಅದು ಬಂದದ್ದು ರಾಷ್ಟ್ರೀಯ ಚಳವಳಿಯ ಕಾಲದ ಶ್ರೀಮಂತ, ವಿದ್ಯಾವಂತ ಕುಟುಂಬಗಳ ಮೂಲಕ. ಉದ್ಯಮಿ ರಾಹುಲ್ ಬಜಾಜ್ ಹುಟ್ಟಿದ್ದು 1938ರಲ್ಲಿ. ಆ ಹೆಸರನ್ನು ಸೂಚಿಸಿದವರು ಜವಾಹರಲಾಲ್ ನೆಹರೂ ಎಂಬುದು ಆ ಮನೆತನದ ಬಗ್ಗೆ ಬರೆದವರೆಲ್ಲ ಹೇಳುವ ಸಂಗತಿ. ಮರುವರ್ಷ ಹುಟ್ಟಿದ ಸಂಗೀತ ನಿರ್ದೇಶಕ ಆರ್.ಡಿ. ಬರ್ಮನ್ ಅವರ 'ಆರ್' ಸಹ ರಾಹುಲ್. 1970ರಲ್ಲಿ ರಾಜೀವ್ ಗಾಂಧಿಯವರ ಮಗನಿಗೂ ಅದೇ ಹೆಸರಾಯಿತು. ಎಂಬತ್ತರ ದಶಕದ ಪತ್ರಿಕೆಗಳಲ್ಲಿ ಆ ಕುಟುಂಬದ ಚಿತ್ರಗಳನ್ನು ನೋಡಿದ ನನ್ನಂಥ ಎಷ್ಟು ತಂದೆಯರು ಬುದ್ಧನ ನೆಪ ಹೇಳಿದರೋ!

ಅನಂತರದ್ದು ಸಿನಿಮಾ ಮತ್ತು ಕ್ರಿಕೆಟ್ಟಿನ ಕೆಲಸ. 1990ರ 'ಆಶಿಕಿ'ಯ ನಾಯಕ ರಾಹುಲ್. 1993ರ 'ಡರ್', 1997ರ 'ದಿಲ್ ತೋ ಪಾಗಲ್ ಹೈ', 1998ರ 'ಕುಛ್ ಕುಛ್ ಹೋತಾ ಹೈ', 2001ರ 'ಕಭೀ ಖುಷಿ ಕಭೀ ಗಮ್' ಇವೆಲ್ಲದರಲ್ಲೂ ಶಾರುಕ್ ಖಾನ್ ರಾಹುಲನೇ. ಇಂದೂರಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಬೆಳೆದ ದ್ರಾವಿಡ್ 1996ರಲ್ಲಿ ಲಾರ್ಡ್ಸ್‌ನಲ್ಲಿ 95 ರನ್ ಗಳಿಸಿದ ಮೇಲಂತೂ ನಮ್ಮ ಬಡಾವಣೆಯ ಆಟದ ಮೈದಾನದಲ್ಲಿ 'ರಾಹುಲ್' ಎಂದು ಕೂಗಿದರೆ ನಾಲ್ಕೈದು ತಲೆಗಳು ತಿರುಗುತ್ತಿದ್ದವು. ಮಂಗಳೂರಿನಲ್ಲಿ ಬೆಳೆದ ಕೆ.ಎಲ್. ರಾಹುಲ್ ಅವರ ಹೆಸರಿನ ಕಥೆ ಇನ್ನೂ ಸ್ವಾರಸ್ಯಕರ. ಗಾವಸ್ಕರರ ಅಭಿಮಾನಿಯಾಗಿದ್ದ ತಂದೆ, ಗಾವಸ್ಕರರ ಮಗನ ಹೆಸರನ್ನೇ ಇಡಬೇಕೆಂದು ಹೊರಟು, 'ರೋಹನ್' ಎಂಬುದನ್ನು 'ರಾಹುಲ್' ಎಂದು ತಪ್ಪಾಗಿ ನೆನಪಿಟ್ಟುಕೊಂಡಿದ್ದರಂತೆ. ಆ ರೋಹನನ ಪೂರ್ಣ ಹೆಸರಾದರೋ ರೋಹನ್ ಜೈವಿಶ್ವ. ರೋಹನ್ ಕನ್ಹಾಯ್, ಜೈಸಿಂಹ ಮತ್ತು ನಮ್ಮ ಭದ್ರಾವತಿಯ ವಿಶ್ವನಾಥ್ ಮೂವರೂ ಅದರಲ್ಲಿದ್ದಾರೆ.

ಎಷ್ಟು ಮಂದಿಗೆ ಈ ಹೆಸರಿದೆಯೆಂದು ಅಂಕಿಸಂಖ್ಯೆಯಲ್ಲಿ ಹೇಳುವುದಕ್ಕೆ, ಅಮೆರಿಕ ಬ್ರಿಟನ್ನುಗಳಂತೆ ವರ್ಷವರ್ಷವೂ ಹೆಸರುಗಳ ಪಟ್ಟಿ ಪ್ರಕಟಿಸುವ ಪದ್ಧತಿ ನಮ್ಮಲ್ಲಿಲ್ಲ. ನಮ್ಮ ಜನನ ನೋಂದಣಿಯಲ್ಲಿ ಹೆಸರಿಗೆ ಅವಸರವೂ ಇಲ್ಲ. 1969ರ ಕಾಯ್ದೆಯಂತೆ ಮಗುವನ್ನು ಹೆಸರಿಲ್ಲದೆಯೇ ನೋಂದಾಯಿಸಬಹುದು. ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆ, ಅನಂತರ ಹದಿನೈದು ವರ್ಷದವರೆಗೆ ಶುಲ್ಕ ತೆತ್ತು ಹೆಸರು ಸೇರಿಸಲು ಅವಕಾಶವಿದೆ. ಹೀಗಾಗಿ ನಮ್ಮ ಹಳ್ಳಿಗಳಲ್ಲಿ ಬಹುಕಾಲ ಮಗುವಿಗೆ ನಿಜವಾದ ನಾಮಕರಣ ಮಾಡಿದವರು ಪುರೋಹಿತರೂ ಅಲ್ಲ, ಸೋದರತ್ತೆಯೂ ಅಲ್ಲ. ಒಂದನೆಯ ತರಗತಿಯ ದಾಖಲಾತಿ ಪುಸ್ತಕ ಹಿಡಿದು ಕುಳಿತ ಮೇಷ್ಟ್ರು.

1991ರಲ್ಲಿ ನನ್ನನ್ನು ಆಗಿನ ಗುಲಬರ್ಗಾ ಜಿಲ್ಲೆಯ ಒಂದು ಉಪವಿಭಾಗಕ್ಕೆ ವರ್ಗ ಮಾಡಿದರು. ಅಲ್ಲಿನ ಕಚೇರಿಯ ದಲಾಯತರೊಬ್ಬರ ಮಗನ ಹೆಸರೂ ರಾಹುಲ್ ಎಂದು ತಿಳಿದದ್ದು ಬಂದ ಕೆಲವೇ ದಿನಗಳಲ್ಲಿ. ಅವನೂ 1988ರಲ್ಲಿ ಹುಟ್ಟಿದವನೇ. ಇಬ್ಬರ ಹೆಸರೂ ಒಂದೇ ಎಂದು ಅವರು ಸಂತೋಷದಿಂದ ಹೇಳಿದರು. (ಇಲ್ಲಿ 'ಅವರು' ಎಂದು ಬರೆಯುತ್ತಿದ್ದೇನೆ, ಆಗ ಏಕವಚನದಲ್ಲೇ ಕರೆಯುತ್ತಿದ್ದೆ.) ಅವರ ತಂದೆ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರರು ಬೌದ್ಧಧರ್ಮ ಸ್ವೀಕರಿಸಿದಾಗ ಆ ಜನಸಾಗರದಲ್ಲಿ ಇದ್ದವರು. ಅಂಬೇಡ್ಕರರು ತಾವು ಕಟ್ಟಿದ ಕಾಲೇಜುಗಳಿಗೆ ಸಿದ್ಧಾರ್ಥ, ಮಿಲಿಂದ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ ಯಾವ ವರ್ಣದವರಿಗೆ ಎಂಥ ಹೆಸರಿರಬೇಕೆಂಬ ವಿಧಿಯಿದೆ: ಬ್ರಾಹ್ಮಣನಿಗೆ ಮಂಗಳವನ್ನು, ಕ್ಷತ್ರಿಯನಿಗೆ ಬಲವನ್ನು, ವೈಶ್ಯನಿಗೆ ಧನವನ್ನು, ಶೂದ್ರನಿಗೆ ಹೀನತೆಯನ್ನು ಸೂಚಿಸುವ ಹೆಸರು. ಆ ವಿಧಿಗೆ ಹೊರಗಿನಿಂದ ಕೊಟ್ಟ ಉತ್ತರ ಗೌತಮ, ಆನಂದ, ರಾಹುಲ. ಮಹಾರಾಷ್ಟ್ರದಲ್ಲೂ ಅದಕ್ಕೆ ತಾಗಿದ ನಮ್ಮ ಬೀದರ, ಕಲಬುರಗಿ ಸೀಮೆಯಲ್ಲೂ ಬೌದ್ಧರಾದ ದಲಿತ ಕುಟುಂಬಗಳು ಈ ಹೆಸರುಗಳನ್ನು ತಿಳಿದು ಆರಿಸಿಕೊಂಡವು. ನಾನು ಏನನ್ನೂ ಹೇಳಬಾರದೆಂದು ಇಟ್ಟ ಹೆಸರನ್ನು, ಅವರು ಎಲ್ಲವನ್ನೂ ಹೇಳಬೇಕೆಂದು ಇಟ್ಟಿದ್ದರು.

ಕಚೇರಿಯ ಅಧಿಕಾರಿಯೊಬ್ಬರು ಒಂದು ಸಂಜೆ ತಗ್ಗಿದ ದನಿಯಲ್ಲಿ, "ಸರ್, ಈ ಕಡೆ ಆ ಹೆಸರು ಅವ್ರು ಇಡ್ತಾರ್ರಿ" ಎಂದರು. ಹಿತೈಷಿಯ ಧಾಟಿ. ನಾನು ಅವರನ್ನು ಗದರಿಸಲಿಲ್ಲ. ಆ ರಾತ್ರಿ ಮಗನ ಶಾಲೆಯ ಅರ್ಜಿಯಲ್ಲಿ ಹೆಸರಿನ ಮುಂದೆ ನಮ್ಮ ಮನೆತನದ ಬಾಲವನ್ನು ಸೇರಿಸಿದೆ. ಹೆಂಡತಿ ನೋಡಿದಳು, ಏನೂ ಅನ್ನಲಿಲ್ಲ. ಆ ಬಾಲ ಇಂದಿಗೂ ಅವನ ಪಾಸ್‌ಪೋರ್ಟಿನಲ್ಲಿದೆ.

1993ರ ಜೂನ್‌ನಲ್ಲಿ ದಲಾಯತರ ಮಗ ಸರ್ಕಾರಿ ಶಾಲೆಗೆ ಸೇರಿದ. ವಾರ ಕಳೆದ ಮೇಲೆ ಅವರು ನನ್ನ ಕೊಠಡಿಗೆ ಬಂದು ನಿಂತರು. "ಸಾಹೇಬ್ರ, ಹುಡುಗನ ಹೆಸರು ಬರಿಯಾಗ ಕಡೀ ಅಕ್ಷರ ಬಿಟ್ಟಾರ್ರಿ" ಎಂದರು. ದಾಖಲಾತಿ ಪುಸ್ತಕದಲ್ಲಿ ಅವನು 'ರಾಹು' ಆಗಿದ್ದ. ಕೇಳಿದ್ದಕ್ಕೆ ಮುಖ್ಯೋಪಾಧ್ಯಾಯರು, ಕಿವಿಗೆ ಹಾಗೆಯೇ ಕೇಳಿಸಿತು ಎಂದರಂತೆ. ಕೈತಪ್ಪೋ, ಕುಚೇಷ್ಟೆಯೋ ನಾನು ವಿಚಾರಿಸಲಿಲ್ಲ. ತಂದೆಗೆ ಮಾತ್ರ ಅನುಮಾನವಿರಲಿಲ್ಲ. ತಹಶೀಲ್ದಾರರ ಮೂಲಕ ಒಂದು ದೂರವಾಣಿ ಕರೆ ಮಾಡಿಸಿದ್ದರೆ ಆ ಸಂಜೆಯೇ ಸರಿಹೋಗುತ್ತಿತ್ತು. "ಆಯ್ತು, ನೋಡೋಣ" ಎಂದೆ. ಸರ್ಕಾರಿ ಕನ್ನಡದಲ್ಲಿ ಅದರ ಅರ್ಥವೇನೆಂದು ಹೇಳುವವನಿಗೂ ಕೇಳುವವನಿಗೂ ಗೊತ್ತು. ಕೆಲಸದ ಒತ್ತಡವಿತ್ತೆಂದು ಹೇಳಬಹುದು, ಆದರೆ ಮೊಳೆಯಷ್ಟು ಚಿಕ್ಕದಾದ ಇನ್ನೊಂದು ಕಾರಣವೂ ಇತ್ತು. ಆ ಹೆಸರು ನನ್ನ ಮಗನದೊಂದೇ ಆಗಿ ಉಳಿದರೆ ಅಡ್ಡಿಯಿಲ್ಲವೆಂದು ನನ್ನೊಳಗೆ ಎಲ್ಲೋ ಅನ್ನಿಸಿರಬೇಕು. ಮರುವರ್ಷ ನನಗೆ ವರ್ಗವಾಯಿತು.

ಹೆಸರಿಗೆ ಬೆಲೆಯುಂಟೆಂಬುದನ್ನು ನನ್ನ ಶಾಸ್ತ್ರದವರು ಆಮೇಲೆ ಅಳೆದು ತೋರಿಸಿದರು. ಅಮೆರಿಕದಲ್ಲಿ ಬರ್ಟ್ರಂಡ್ ಮತ್ತು ಸೆಂದಿಲ್ ಮುಲ್ಲೈನಾಥನ್ ಹೆಸರು ಮಾತ್ರ ಬದಲಿಸಿ ಸುಮಾರು ಐದು ಸಾವಿರ ಉದ್ಯೋಗದ ಅರ್ಜಿಗಳನ್ನು ಕಳುಹಿಸಿದರು. ಬಿಳಿಯರದೆಂದು ತೋರುವ ಹೆಸರುಗಳಿಗೆ ಶೇ 50ರಷ್ಟು ಹೆಚ್ಚು ಕರೆಗಳು ಬಂದವೆಂದು 2004ರಲ್ಲಿ ಪ್ರಕಟಿಸಿದರು. 2007ರಲ್ಲಿ ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ನಮ್ಮ ಖಾಸಗಿ ಕಂಪನಿಗಳನ್ನು ಅದೇ ರೀತಿ ಪರೀಕ್ಷಿಸಿದಾಗ, ಸಮಾನ ವಿದ್ಯಾರ್ಹತೆಯಿದ್ದರೂ ದಲಿತರದೆಂದು ಗುರುತಾಗುವ ಹೆಸರಿಗೆ ಸಂದರ್ಶನದ ಕರೆ ಬರುವ ಸಂಭವ ಮೇಲ್ಜಾತಿಯ ಹಿಂದೂ ಹೆಸರಿನ ಮೂರನೇ ಎರಡರಷ್ಟು, ಮುಸ್ಲಿಂ ಹೆಸರಿಗೆ ಮೂರನೇ ಒಂದರಷ್ಟು ಎಂದು ಕಂಡುಬಂತು. ಮೊದಲ ಹೆಸರು ಏನೇ ಇರಲಿ, ಓದುವವನ ಕಣ್ಣು ಅದನ್ನು ದಾಟಿ ಮುಂದಿನ ಪದಕ್ಕಾಗಿ ಹುಡುಕುತ್ತದೆ. ನಾನು ಆ ರಾತ್ರಿ ಅರ್ಜಿಯಲ್ಲಿ ಸೇರಿಸಿದ್ದು ಅದನ್ನೇ.

2003ರಲ್ಲಿ ದಲಾಯತರು ಬೆಂಗಳೂರಿನ ನನ್ನ ಕಚೇರಿಗೆ ಬಂದರು. ಮಗ ಹತ್ತನೆಯ ತರಗತಿಯಲ್ಲಿದ್ದ. ಹತ್ತು ವರ್ಷ ಅವನು ಹಾಜರಿಯಲ್ಲಿ 'ರಾಹು' ಎಂದೇ ಕರೆಸಿಕೊಂಡಿದ್ದ. ಯಾರಿಗಾದರೂ ಜ್ವರ ಬಂದರೆ, ಪರೀಕ್ಷೆ ಕೆಟ್ಟರೆ, ಕ್ರಿಕೆಟ್ಟಿನಲ್ಲಿ ಸೋತರೆ ಹುಡುಗರು ಅವನತ್ತ ನೋಡಿ ನಗುತ್ತಿದ್ದರಂತೆ. ಅಂಕಪಟ್ಟಿಯಲ್ಲೂ ಅದೇ ಬಂದರೆ ಜೀವಮಾನವಿಡೀ ಅದೇ ಉಳಿಯುತ್ತದೆಂದು ಯಾರೋ ಹೇಳಿದ್ದರು. ಪ್ರಮಾಣಪತ್ರ, ಪತ್ರಿಕಾ ಪ್ರಕಟಣೆ, ಶಿಕ್ಷಣ ಇಲಾಖೆಯ ಮೂರು ಹಂತದ ಅನುಮೋದನೆ. ಈ ಬಾರಿ ನಾನೇ ಕಡತದ ಬೆನ್ನು ಹತ್ತಿದೆ. ಆದರೂ ಹನ್ನೊಂದು ತಿಂಗಳು ಹಿಡಿಯಿತು. ಹುಡುಗ 'ರಾಹು' ಎಂದಿದ್ದ ಪ್ರವೇಶಪತ್ರದೊಂದಿಗೇ ಪರೀಕ್ಷೆ ಬರೆದ. ಆದೇಶ ಬಂದದ್ದು ಫಲಿತಾಂಶದ ನಂತರ. ತಿದ್ದಿದ ಅಂಕಪಟ್ಟಿಯನ್ನು ತೋರಿಸಲು ತಂದೆ ಮತ್ತೆ ರೈಲು ಹತ್ತಿ ಬಂದರು. 1993ರ ವಿಷಯವನ್ನು ಅವರು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಸೊಸೆಯ ಪಟ್ಟಿಗೆ ಉತ್ತರಿಸುವಾಗ, ಮಗನ ಹೆಸರಿನ ಎದುರು 'ಬಂಧನ' ಎಂದು ಬರೆದು, ಕೆಳಗೆ ಬುದ್ಧನ ಪ್ರಸಂಗವನ್ನು ವಿವರಿಸಿದೆ. "ಈಗ ಹೇಳ್ತಿದ್ದೀರಲ್ಲ ಅಪ್ಪ" ಎಂದು ಅವನು ಉತ್ತರಿಸಿದ. ಹುಟ್ಟಿದ್ದು ಹೆಣ್ಣುಮಗುವಾದ್ದರಿಂದ ಮೂವತ್ತೂ ಹೆಸರುಗಳು ಉಪಯೋಗಕ್ಕೆ ಬರಲಿಲ್ಲ.

ಈ ಲೇಖನ ಬರೆಯುವ ಮುನ್ನ ದಲಾಯತರ ಮಗನಿಗೆ ದೂರವಾಣಿ ಮಾಡಿ, ಬರೆಯಬಹುದೇ ಎಂದು ಕೇಳಿದೆ. ಊರಿನ ಹೆಸರು ಬೇಡವೆಂದರು. ಅವರೀಗ ಅದೇ ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕರು. ಜೂನ್‌ನಲ್ಲಿ ದಾಖಲಾತಿಯ ಕೆಲಸ ಅವರದೇ. ಶಾಲೆಗೆ ಸೇರಿಸಲು ಜನನ ಪ್ರಮಾಣಪತ್ರವೇ ಆಧಾರವಾಗುತ್ತಿರುವುದರಿಂದ ಈಗ ತಪ್ಪುಗಳು ಆಸ್ಪತ್ರೆಯಿಂದಲೇ ಬರುತ್ತವೆ ಎಂದು ನಕ್ಕರು. ತಾವು ಮಾತ್ರ ಹೆಸರು ಬರೆದಾದ ಮೇಲೆ ಪುಸ್ತಕವನ್ನು ತಂದೆತಾಯಿಯ ಕಡೆಗೆ ತಿರುಗಿಸಿ ತೋರಿಸುತ್ತಾರಂತೆ. ಓದು ಬಾರದವರಿದ್ದರೆ ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದುತ್ತಾರೆ. "ಕಡೀ ಅಕ್ಷರ ಎರಡು ಸರ್ತಿ ಓದ್ತೀನ್ರಿ ಸರ್" ಎಂದರು.